ಒಳ್ಳೆಯ ಕನ್ನಡದಲ್ಲಿ ಬರೆದ ಸುಳ್ಳು

ಕಾರ್ಡ್ ಉಜ್ಜುವ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಮೊದಲ ಕೆಲಸ. ಹಿರಿಯೂರಿನ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕುಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ ಆಗ ಒಂದೊಂದು ಯಂತ್ರ ಇರುತ್ತಿತ್ತು. ಲಾರಿಗಳ ಧೂಳು ಹೊಕ್ಕು ಅವುಗಳ ಗುಂಡಿಗಳು ಅಂಟಿಕೊಳ್ಳುತ್ತಿದ್ದವು. ನಾನು ಸ್ಕ್ರೂಡ್ರೈವರು, ಸ್ಪಿರಿಟ್ಟು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಚೀಲದಲ್ಲಿಟ್ಟುಕೊಂಡು ಚಿತ್ರದುರ್ಗದಿಂದ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೆ. "ಏನಪ್ಪ, ಹುಡುಗೀನ ಕಳ್ಸಿದಾರೆ?" ಎನ್ನುತ್ತ ಬಂಕಿನವರು ನನ್ನ ಹಿಂದೆ ಇನ್ನ್ಯಾರಾದರೂ ಬರುತ್ತಾರೇನೋ ಎಂದು ಇಣುಕುತ್ತಿದ್ದರು. ಹೊಳಲ್ಕೆರೆಯಲ್ಲಿ ನಮ್ಮಪ್ಪನದು ಮೋಟಾರು ವೈಂಡಿಂಗ್ ಅಂಗಡಿ. ಏಳನೇ ಕ್ಲಾಸಿನ ಹೊತ್ತಿಗೇ ನನಗೆ ಬೆಸುಗೆ ಹಾಕಲು ಬರುತ್ತಿತ್ತು. ಯಂತ್ರ ಬಿಚ್ಚಿ ಕೂತರೆ ಯಾರು ಏನೆಂದರೂ ನನಗೆ ಕೇಳಿಸುತ್ತಿರಲಿಲ್ಲ.

ಹತ್ತು ಹನ್ನೆರಡು ವರ್ಷ ಹೀಗೆ ಅಲೆದ ಮೇಲೆ, ಬ್ಯಾಂಕಿನ ಕೆಲಸ ಬಿಟ್ಟುಬಂದಿದ್ದ ಒಬ್ಬರ ಜೊತೆ ಸೇರಿ ಕಂಪನಿ ಶುರುಮಾಡಿದೆ. ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದೆ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಅವರು ವ್ಯವಹಾರ ನೋಡಿಕೊಳ್ಳುವುದು, ನಾನು ತಂತ್ರಜ್ಞಾನ ನೋಡಿಕೊಳ್ಳುವುದು ಎಂದಾಯಿತು. ವಿಸಿಟಿಂಗ್ ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ 'ತಂತ್ರಜ್ಞಾನ ಮುಖ್ಯಸ್ಥೆ' ಎಂದು ಅಚ್ಚಾಯಿತು. ಆ ಕಾರ್ಡನ್ನು ಮೊದಲು ಕೊಟ್ಟದ್ದು ನಮ್ಮಪ್ಪನಿಗೆ. ಅವರು ಅದನ್ನು ಅಂಗಡಿಯ ಮೀಟರ್ ಬೋರ್ಡಿಗೆ ಸಿಕ್ಕಿಸಿದರು.

ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುವ ರೂಢಿ ಊರೂರಿಗೆ ಬಂದ ಕಾಲ ಅದು. ಅಂಗಡಿಯವರದೆಲ್ಲ ಒಂದೇ ತಲೆನೋವು. ಗಿರಾಕಿ ಫೋನು ಎತ್ತಿ ತೋರಿಸಿ "ಹಾಕಿದೀನಿ" ಎಂದು ಹೊರಟುಬಿಡುತ್ತಾನೆ. ಬಂತೋ ಇಲ್ಲವೋ ನೋಡೋಣವೆಂದರೆ ಇವರ ಕೈಗೆ ಬಿಡುವಿರುವುದಿಲ್ಲ. ಅದಕ್ಕೇ ಮಾತಾಡುವ ಡಬ್ಬಿ. ದುಡ್ಡು ಬಂದ ಕೂಡಲೇ ಇಷ್ಟು ಬಂತು ಎಂದು ಅದು ಕೂಗಿ ಹೇಳಬೇಕು. ಆಗ ನಮ್ಮ ಕಡೆ ಬರುತ್ತಿದ್ದ ಬೇರೆಯವರ ಡಬ್ಬಿಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಿದ್ದವು. ನಮ್ಮದು ಕನ್ನಡದಲ್ಲಿ ಮಾತಾಡಲಿ ಎಂದು ನಾನು ಹಟ ಹಿಡಿದೆ. ಸ್ಟುಡಿಯೋ ಒಂದರಲ್ಲಿ ಒಬ್ಬರಿಂದ ಧ್ವನಿ ಮಾಡಿಸಿ, ಹತ್ತು ಡಬ್ಬಿ ತಯಾರಿಸಿ, ಪರೀಕ್ಷೆಗೆ ಹೊಸದುರ್ಗ ತಾಲೂಕಿನ ಶ್ರೀರಾಂಪುರಕ್ಕೆ ಒಯ್ದೆ. ಅಲ್ಲಿ ಸಂತೆಯಿದೆ, ಬಸ್ಸುಗಳ ಗದ್ದಲವಿದೆ, ನೆಟ್‌ವರ್ಕು ಬಂದು ಹೋಗಿ ಮಾಡುತ್ತದೆ. ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯುತ್ತದೆ ಎನ್ನುವುದು ನನ್ನ ಲೆಕ್ಕ.

ಕೊನೆಯ ಡಬ್ಬಿ ಇಟ್ಟದ್ದು ಒಂದು ಹಿಟ್ಟಿನ ಗಿರಣಿಯಲ್ಲಿ. ಗಿರಣಿ ನಡೆಸುತ್ತಿದ್ದವರಿಗೆ ನಲವತ್ತರ ಆಸುಪಾಸು. ಗಂಡ ಲಗೇಜು ಆಟೋ ಓಡಿಸುತ್ತಿದ್ದರು, ಗಿರಣಿ ಪೂರ್ತಿ ಇವರದೇ. ಹುಬ್ಬು, ರೆಪ್ಪೆ, ಮುಂಗೈ ಎಲ್ಲ ಹಿಟ್ಟು. ನಾನು ಡಬ್ಬಿಯ ಗುಂಡಿ ಒತ್ತಿ ನನ್ನ ಫೋನಿನಿಂದ ನೂರಿಪ್ಪತ್ತು ರೂಪಾಯಿ ಕಳಿಸಿದೆ. ಡಬ್ಬಿ, "ನಿಮ್ಮ ಖಾತೆಗೆ ನೂರು ಇಪ್ಪತ್ತು ರೂಪಾಯಿಗಳು ಜಮೆಯಾಗಿವೆ" ಎಂದಿತು. ಗಿರಣಿಯ ಸದ್ದಿನಲ್ಲಿ ಅದು ಯಾರೋ ಪಕ್ಕದ ಕೋಣೆಯಲ್ಲಿ ಕೆಮ್ಮಿದಂತೆ ಕೇಳಿತು.

"ಅದೇನ್ ಅಂತೈತೆ?" ಎಂದರು ಅವರು.

ಶಬ್ದ ಜಾಸ್ತಿ ಮಾಡಿ ಮತ್ತೆ ಕಳಿಸಿದೆ. ಅವರು ಕಿವಿ ಹತ್ತಿರ ತಂದು ಕೇಳಿ ನಕ್ಕರು.

"ನೂರು, ಇಪ್ಪತ್ತು. ಎರಡ್ ಸಲ ಬಂತೇನ್ರಿ ದುಡ್ಡು? ಒಂದ್ಸಲ ನೂರು, ಇನ್ನೊಂದ್ಸಲ ಇಪ್ಪತ್ತು?"

"ಇಲ್ಲ, ಒಂದೇ ಸಲ. ನೂರಿಪ್ಪತ್ತು."

"ಹಂಗಂತ ಹೇಳ್ಬೇಕಲ್ಲ ಮತ್ತೆ. ಒಂದೇ ಇದ್ರೆ ನೂರು. ಮುಂದೆ ಏನಾರ ಬಂದ್ರೆ ನೂರ. ನೂರ ಇಪ್ಪತ್ತು, ಇನ್ನೂರ ಐವತ್ತು, ಸಾವಿರದ ನೂರ ಹತ್ತು. ಮಕ್ಕಳಿಗೂ ಗೊತ್ತಿರ್ತೈತೆ."

ಅಷ್ಟರಲ್ಲಿ ಜೋಳ ಬೀಸಿಸಲು ಬಂದಿದ್ದ ಮುದುಕರೊಬ್ಬರು ಹೊರಗೆ ಜಗಲಿಯ ಮೇಲಿಂದ ಫೋನೆತ್ತಿ ತೋರಿಸಿದರು. ಇವರು ತಮ್ಮ ಫೋನು ನೋಡಿ, ಕಲ್ಲು ತಿರುಗುತ್ತಿರುವಾಗಲೇ, "ನಲವತ್ತೈದು ಬಂತು ನೋಡ್ರಿ!" ಎಂದರು. ಮುದುಕರು ತಲೆಯಾಡಿಸಿ ಹೊರಟರು. ಗಿರಣಿಯವರು ಕಿರುಚಿರಲಿಲ್ಲ. ವರ್ಷಗಟ್ಟಲೆ ಆ ಸದ್ದಿನೊಳಗೆ ಮಾತಾಡಿ ಮಾತಾಡಿ ಆ ಧ್ವನಿ ಗಿರಣಿಯ ಗುಂಯ್‌ಗುಡುವಿಕೆಯ ಮೇಲೆ ತೇಲುವುದನ್ನು ಕಲಿತಿತ್ತು. ಒಂದೊಂದು ಅಕ್ಷರವೂ ಬೇರೆ ಬೇರೆ, ಆದರೂ ಮಾತು ಒಂದೇ. ಆರು ತಿಂಗಳಿಂದ ನಾನು ಹುಡುಕುತ್ತಿದ್ದದ್ದು ಅದನ್ನೇ.

ಮುಂದಿನ ವಾರ ರೆಕಾರ್ಡು ಮಾಡುವ ಯಂತ್ರ ತಂದೆ. ಮಧ್ಯಾಹ್ನ ಕರೆಂಟು ಹೋಗುತ್ತಿತ್ತು, ಗಿರಣಿ ನಿಲ್ಲುತ್ತಿತ್ತು. ಆ ಎರಡು ಗಂಟೆ ಹಿಂದಿನ ಕೋಣೆಯಲ್ಲಿ, ಖಾಲಿ ಚೀಲಗಳ ಮೇಲೆ ಎದುರುಬದುರು ಕೂತೆವು. ಒಂದರಿಂದ ತೊಂಬತ್ತೊಂಬತ್ತು, ನೂರು, ನೂರ, ಸಾವಿರ, ಸಾವಿರದ, ಜೊತೆಗೆ 'ಬಂತು ನೋಡ್ರಿ'. ಮೂರು ದಿನ ನಡೆಯಿತು. ಲಕ್ಷಕ್ಕೆ ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ನನ್ ಗಿರಣಿಗೆ ಲಕ್ಷ ಯಾರ್ ತಂದ್ ಹಾಕ್ತಾರ್ರಿ?" ನಾನೂ ನಕ್ಕೆ. ನಾಲ್ಕು ಸಲ ಮತ್ತೆ ಹೇಳಿಸಬೇಕಾಯಿತು.

ಮೂರನೆಯ ದಿನ ಹೊರಡುವಾಗ ಅವರು ಕೇಳಿದರು.

"ಎಲ್ಲಿಗ್ ಹಾಕ್ತೀರಿ ಇದನ್ನ?"

"ಸದ್ಯಕ್ಕೆ ನಿಮ್ಮ ಗಿರಣಿಗೆ. ಪರೀಕ್ಷೆ ಅಷ್ಟೆ."

'ಸದ್ಯಕ್ಕೆ' ಎನ್ನುವ ಮಾತನ್ನು ನಾನು ತಿಳಿದೇ ಹಾಕಿದ್ದೆ. ಆಮೇಲೆ ಯಾರಾದರೂ ಕೇಳಿದರೆ ಹಿಡಿದುಕೊಳ್ಳಲು ಅದೊಂದಿರಲಿ ಎಂದು. ಕಾಗದ ಪತ್ರ ಮಾಡಿಸಲಿಲ್ಲ. ಒಂದು ಡಬ್ಬಿ ಮೈಸೂರುಪಾಕು ಕೊಟ್ಟೆ. ಅವರು ಎರಡು ಸೇರು ರಾಗಿಹಿಟ್ಟು ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅದು ತೊಡೆಯ ಮೇಲೆ ಬೆಚ್ಚಗಿತ್ತು.

ಮುಂದಿನದು ಬೇಗ ಬೇಗ ಆಯಿತು. 'ಬಂತು ನೋಡ್ರಿ' ಎನ್ನುವ ಡಬ್ಬಿ ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ, ಚಳ್ಳಕೆರೆಯಲ್ಲಿ ಎಲ್ಲರಿಗೂ ಬೇಕಾಯಿತು. ತರಕಾರಿಯವರು, ಎಳನೀರಿನವರು, ಸೈಕಲ್ ಶಾಪಿನವರು ಕೇಳಿಕೊಂಡು ಬಂದರು. ಜಿಲ್ಲೆ ದಾಟಿತು. ದೊಡ್ಡ ಕಂಪನಿಯೊಂದು ನಮ್ಮನ್ನು ಕೊಳ್ಳಲು ಬಂತು. ಮಾತುಕತೆಯ ದಿನ ಅವರಲ್ಲೊಬ್ಬರು ಕೇಳಿದರು, "ಈ ಧ್ವನಿ ಯಾರದು?"

ನನ್ನ ಪಾಲುದಾರರು ನನ್ನ ಕಡೆ ನೋಡಿದರು. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಒಬ್ಬರ ಹೆಸರು ಹೇಳಿದರೆ ಒಪ್ಪಂದ ಎಲ್ಲಿ, ಸಹಿ ಎಲ್ಲಿ ಎಂದು ಕೇಳುತ್ತಾರೆ. ಕೆಲಸ ನಿಲ್ಲುತ್ತದೆ. ಅದೊಂದೇ ಕಾರಣವಾಗಿದ್ದರೆ ಈಗ ಇಷ್ಟು ನೋಯುತ್ತಿರಲಿಲ್ಲ. ಆ ಮೇಜಿನ ಸುತ್ತ ಕೂತವರೆಲ್ಲ ನನ್ನನ್ನು ಬಹಳ ಮೆಚ್ಚಿ ನೋಡುತ್ತಿದ್ದರು. ಆ ನೋಟವನ್ನು ಹಿಟ್ಟು ಮೆತ್ತಿದ ಹುಬ್ಬಿನ ಹೆಂಗಸೊಬ್ಬರ ಜೊತೆ ಹಂಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಯಾರದೂ ಅಲ್ಲ. ನಾವೇ ಕಂಪ್ಯೂಟರಿನಲ್ಲಿ ತಯಾರಿಸಿದ್ದು," ಎಂದೆ.

ಒಮ್ಮೆ ಹೇಳಿದ ಮೇಲೆ ಅದಕ್ಕೆ ಕೈಕಾಲು ಬೆಳೆಸಬೇಕಾಯಿತು. ಸಭೆ ಸಮ್ಮೇಳನಗಳಲ್ಲಿ ನನ್ನನ್ನು ಮಾತಾಡಲು ಕರೆದರು. 'ನೂರು' ಯಾವಾಗ 'ನೂರ' ಆಗುತ್ತದೆ ಎಂದು ಪರದೆಯ ಮೇಲೆ ತೋರಿಸಿದೆ. ಇದು ಹೇಗೆ ಹೊಳೆಯಿತು ಎಂದು ಯಾರೋ ಕೇಳಿದಾಗ, ಚಿಕ್ಕಂದಿನಲ್ಲಿ ಅಪ್ಪನ ಅಂಗಡಿಯಲ್ಲಿ ಮೋಟಾರುಗಳ ಸದ್ದಿನ ನಡುವೆ ಅಪ್ಪ ಗಿರಾಕಿಗಳಿಗೆ ಕೂಗಿ ಲೆಕ್ಕ ಹೇಳುತ್ತಿದ್ದರು, 'ಬಂತು ನೋಡ್ರಿ' ಅನ್ನುತ್ತಿದ್ದರು, ಎಂದುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಅದು ಪತ್ರಿಕೆಯಲ್ಲೂ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ನಾನ್ಯಾವಾಗ ಕೂಗಿದ್ದೆ? ಚೀಟಿ ಬರ್ದು ಕೊಡ್ತಿದ್ದೆನಲ್ಲ."

"ನಿಮಗೆ ನೆನಪಿಲ್ಲ ಬಿಡಿ ಅಪ್ಪ," ಎಂದೆ.

ಅಪ್ಪನಿಗೆ ಆಗಲೇ ಒಂದೊಂದು ಮರೆತುಹೋಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು. "ಇರಬಹುದು" ಎಂದು ಪತ್ರಿಕೆ ಮಡಿಸಿಟ್ಟರು. ಅವರು ತೀರಿಕೊಂಡು ಈಗ ಮೂರು ವರ್ಷ. ಆ 'ಇರಬಹುದು' ಒಂದನ್ನು ನಾನು ಯಾರ ಹತ್ತಿರವೂ ಸರಿಮಾಡಿಕೊಳ್ಳುವ ಹಾಗಿಲ್ಲ.

ಕಂಪನಿ ಮಾರಾಟವಾಗಿ, ನಾನು ಹೊಸ ಕಂಪನಿಯಲ್ಲಿ ಉಪಾಧ್ಯಕ್ಷೆಯಾಗಿ, ಹೆದ್ದಾರಿಗೆ ಹತ್ತಿರದ ದೊಡ್ಡ ಕಟ್ಟಡಕ್ಕೆ ನಮ್ಮ ಕಚೇರಿ ಹೋದ ಮೇಲೆ ಒಂದು ಕಾಗದ ಬಂತು. ಗೆರೆ ಹಾಕಿದ ಹಾಳೆ, ದುಂಡು ಅಕ್ಷರ. ಗಿರಣಿಯವರು ಬರೆದಿದ್ದರು. ಹೊಸದುರ್ಗದ ಔಷಧಿ ಅಂಗಡಿಯಲ್ಲಿ ತಮ್ಮ ಧ್ವನಿ ಕೇಳಿ ಮೊದಲು ಹೆದರಿಕೆಯಾಯಿತಂತೆ, ಆಮೇಲೆ ಖುಷಿಯಾಯಿತಂತೆ. ಊರಲ್ಲಿ ಹೇಳಿದರೆ ಅರ್ಧ ಜನ ನಂಬುತ್ತಿಲ್ಲ, ನಂಬಿದವರು ಎಷ್ಟು ಲಕ್ಷ ಬಂತು ಎಂದು ಕೇಳುತ್ತಾರೆ. ಬಂದಿಲ್ಲವೆಂದರೆ ಬಚ್ಚಿಡುತ್ತಿದ್ದಾಳೆ ಎನ್ನುತ್ತಾರೆ. "ನನಗೆ ದುಡ್ಡು ಗಿಡ್ಡು ಏನೂ ಬೇಡ ಮೇಡಂ. ಇದು ಇವರದೇ ಧ್ವನಿ ಅಂತ ಒಂದು ಸಾಲು ಬರೆದು, ಸೀಲು ಹಾಕಿ ಕಳಿಸಿಕೊಡಿ. ನಮ್ಮ ಮಹಿಳಾ ಸಂಘದಲ್ಲಿ ತೋರಿಸಬೇಕು."

ಕಾಗದ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಅದನ್ನು ಕಾನೂನು ವಿಭಾಗಕ್ಕೆ ಕೊಟ್ಟೆ. ಅವರಿಗೂ ಕಂಪ್ಯೂಟರ್ ಧ್ವನಿ ಎಂದೇ ಹೇಳಿದ್ದೆನಲ್ಲ. ಅವರು ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಉತ್ತರ ಮಾಡಿ, ಕನ್ನಡಕ್ಕೆ ಯಾರಾದರೂ ಹಾಕಿಕೊಡಲಿ ಎಂದರು. ನಾನೇ ಹಾಕಿದೆ. ಬೇರೆಯವರಿಗೆ ಕೊಡಬಹುದಿತ್ತು. ಒರಟಾಗಿ ಇರಬಾರದು ಎಂದು ನಾನೇ ಕೂತು, ಮಾತು ಮಾತು ಆರಿಸಿ ಬರೆದೆ. "ತಮ್ಮ ಅಭಿಮಾನಕ್ಕೆ ನಾವು ಋಣಿಗಳು. ಆದರೆ ಸದರಿ ಧ್ವನಿಯು ಸಂಪೂರ್ಣವಾಗಿ ಯಾಂತ್ರಿಕ ವಿಧಾನದಿಂದ ರೂಪುಗೊಂಡಿದ್ದು, ಯಾವುದೇ ವ್ಯಕ್ತಿಗೆ ಸೇರಿದ್ದಲ್ಲ. ತಾವು ಇನ್ನು ಮುಂದೆ ಇದಕ್ಕೆ ವಿರುದ್ಧವಾದ ಹೇಳಿಕೆ ನೀಡಬಾರದಾಗಿ ವಿನಂತಿ." ಕೆಳಗೆ ನನ್ನ ಸಹಿ. 'ರೂಪುಗೊಂಡಿದ್ದು' ಎನ್ನುವಲ್ಲಿ ಮೊದಲು 'ತಯಾರಾಗಿದ್ದು' ಎಂದಿತ್ತು, ಹೊಡೆದು ತಿದ್ದಿದ್ದೆ. ಸುಳ್ಳನ್ನು ತಿದ್ದಿ ಚೆಂದ ಮಾಡಿದ್ದೆ.

ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಶ್ರೀರಾಂಪುರದ ಕಡೆ ತಲೆ ಹಾಕಲಿಲ್ಲ. ಎಲ್ಲ ಅಂಗಡಿಗಳಲ್ಲೂ ಆ ಧ್ವನಿ ಕೇಳುತ್ತಿತ್ತು. ನಾನು ಸಾಮಾನು ತರಲು ಮನೆಕೆಲಸದವರನ್ನು ಕಳಿಸತೊಡಗಿದೆ.

ಹಿರಿಯೂರಿನ ಹೋಟೆಲೊಂದರಲ್ಲಿ ನಮ್ಮ ಪ್ರತಿನಿಧಿಗಳ ಸಭೆ ನಡೆಯಿತು. ಊಟದ ಹೊತ್ತಿನಲ್ಲಿ ಹೊಸದುರ್ಗದ ಕಡೆ ನೋಡಿಕೊಳ್ಳುವವರು, ತಮಾಷೆಯ ಮನುಷ್ಯ, ಒಂದು ಕತೆ ತೆಗೆದರು.

"ಶ್ರೀರಾಂಪುರದಾಗೆ ಒಬ್ರು ಗಿರಣಿಯವ್ರು ಅವ್ರೆ ಮೇಡಂ. ನಮ್ ಡಬ್ಬೀಲಿರೋದು ನನ್ ಧ್ವನಿ ಅಂತ ಊರ್ ತುಂಬ ಹೇಳ್ಕಂಡ್ ತಿರುಗ್ತಿದ್ರಂತೆ. ಕಂಪನೀಗೂ ಕಾಗದ ಹಾಕಿದಾರೆ. ಕಂಪನಿಯಿಂದ ಉತ್ತರ ಬಂತು. ಒಡೆದು ನೋಡ್ದಲೇ ಸೀದ ಸಂಘದ ಮೀಟಿಂಗಿಗೆ ತಗಂಡ್ ಹೋಗಿ, ಎಲ್ರ ಮುಂದೆ ಓದ್ರಿ ಅಂತ ಕಾರ್ಯದರ್ಶಿ ಕೈಗೆ ಕೊಟ್ರಂತೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅನ್ನದ ತುತ್ತು ಬಾಯಲ್ಲಿದ್ದಾಗಲೇ ನಕ್ಕೆ.

"ಆಮೇಲೆ?" ಎಂದು ಯಾರೋ ಕೇಳಿದರು.

"ಆಮೇಲೇನು, ಅವ್ರು ಎದುರಿಗ್ ಬಂದ್ರೆ ಜನ 'ಬಂತು ನೋಡ್ರಿ' ಅನ್ನೋಕೆ ಶುರುಮಾಡಿದ್ರು. ಈಗ ಗಿರಣೀಲಿ ಮಾತೇ ಆಡಲ್ಲ. ಎಷ್ಟಾಯ್ತು ಅಂತ ಸ್ಲೇಟಿನ ಮೇಲೆ ಬರ್ದು ತೋರಿಸ್ತಾರೆ."

ಊಟ ಮುಗಿಸಿ ಕೈತೊಳೆಯಲು ಹೋದವಳು ಬಹಳ ಹೊತ್ತು ಅಲ್ಲೇ ನಿಂತೆ. ಅವರು ಆ ಲಕೋಟೆ ಒಡೆಯದೇ ಒಯ್ದರು ಎನ್ನುವುದೇ ಕಣ್ಣಿಗೆ ಕಟ್ಟಿತು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ ಇತ್ತು.

ಮರುದಿನ ಒಬ್ಬಳೇ ಕಾರು ಓಡಿಸಿಕೊಂಡು ಹೊರಟೆ. ಹೊಳಲ್ಕೆರೆ ದಾಟಿ, ಹೊಸದುರ್ಗ ದಾಟಿ ಶ್ರೀರಾಂಪುರ ಮುಟ್ಟುವವರೆಗೂ ಹೇಳಬೇಕಾದದ್ದನ್ನು ಬಾಯಲ್ಲಿ ಹೊರಳಿಸುತ್ತಿದ್ದೆ. ಗಿರಣಿ ನಡೆಯುತ್ತಿತ್ತು. ಅವರು ನನ್ನನ್ನು ನೋಡಿದರು, ಗುರುತು ಸಿಕ್ಕಿತು, ಅದು ನನಗೂ ಗೊತ್ತಾಯಿತು. ಗಿರಾಕಿಗಳು ನಾಲ್ಕು ಜನ ಇದ್ದರು. ನಾನು, "ಮಷೀನು ಸರಿಯಾಗಿ ಕೆಲಸ ಮಾಡ್ತಿದೆಯಾ ನೋಡೋಕೆ ಬಂದೆ" ಎಂದೆ. ಅವರು ಮೂಲೆಗೆ ಕೈ ತೋರಿಸಿದರು. ಡಬ್ಬಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೂಲೆಯಲ್ಲಿತ್ತು. ಅದನ್ನು ಬಿಚ್ಚಿ, ಒರೆಸಿ, ಗುಂಡಿ ಒತ್ತಿ ನೋಡಿದಂತೆ ಮಾಡಿ, "ಸರಿ ಇದೆ" ಎಂದು ಹೇಳಿ ಬಂದುಬಿಟ್ಟೆ. ಅಷ್ಟು ದೂರ ಹೋಗಿ ಅಷ್ಟೇ ಮಾಡಿದ್ದು. ಹೊಸದುರ್ಗದ ಹತ್ತಿರ ಗಾಡಿ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಒತ್ತಿ ಕೂತೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

ಮತ್ತೆ ಹೋಗಲು ಎಂಟು ದಿನ ಬೇಕಾಯಿತು. ಈ ಸಲ ಮಧ್ಯಾಹ್ನ, ಕರೆಂಟು ಹೋಗಿರುವ ಹೊತ್ತು ನೋಡಿ ಹೋದೆ. ಅವರು ಒಬ್ಬರೇ ಬೀಸುವ ಕಲ್ಲು ಬಿಚ್ಚಿ, ಸವೆದ ಮೈಗೆ ಉಳಿಯಿಂದ ಕಚ್ಚು ಹಾಕುತ್ತಿದ್ದರು.

"ಕುಂತ್ಕಳ್ರಿ," ಎಂದರು. ಉಳಿ ನಿಲ್ಲಿಸಲಿಲ್ಲ.

"ನಾನು ತಪ್ಪು ಮಾಡಿದೀನಿ," ಎಂದೆ.

"ಆ ಕಾಗದ ಬಲ್ ಚೆನ್ನಾಗಿತ್ತು ಕಣ್ರಿ. ಕಾರ್ಯದರ್ಶಿ ಓದೋಕೆ ಶುರುಮಾಡ್ದಾಗ ನನಗೂ ಒಳ್ಳೇದೇ ಬರ್ದಿರ್ಬೇಕು ಅನ್ನಿಸ್ತು. ಅಭಿಮಾನ, ಋಣಿಗಳು ಅಂತೆಲ್ಲ ಶುರುವಾಯ್ತಲ್ಲ. ನಾನು ಎಲ್ರ ಮಖ ನೋಡ್ತಿದ್ದೆ. ಸಹಿ ನಿಮ್ದೈತೆ, ಯಾರ್ ಬರ್ದಿದ್ದು ಅದನ್ನ? ಅಲ್ಲಿ ಆಫೀಸ್ನೋರಾ?"

ಹೌದೆನ್ನಬಹುದಿತ್ತು. ಆ ಕ್ಷಣದಲ್ಲೂ ಆ ಆಸೆ ಬಂತು.

"ನಾನೇ ಬರೆದಿದ್ದು."

ಅವರು ಉಳಿ ಕೆಳಗಿಟ್ಟರು. ಸೆರಗಿನಿಂದ ಮುಖದ ಕಲ್ಲುಪುಡಿ ಒರೆಸಿಕೊಂಡರು.

"ಗೊತ್ತಿದ್ದೂ?"

"ಗೊತ್ತಿದ್ದೂ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ಒಂದು ಚೊಂಬು ನೀರು ಕುಡಿದು, ನನಗೆ ಬೇಕೇ ಎಂದು ಕೇಳದೆ ಚೊಂಬು ಪಕ್ಕಕ್ಕಿಟ್ಟರು. ದುಡ್ಡಿನ ಮಾತು ನಾನೇ ತೆಗೆದೆ, ಕಂಪನಿಯಿಂದ ಕೊಡಿಸುತ್ತೇನೆ ಎಂದೆ.

"ಅದ್ ಆಮೇಲಿನ್ ಮಾತು," ಎಂದರು. "ಶುಕ್ರವಾರ ಮೂರು ಗಂಟೆಗೆ ಸಂಘ ಸೇರ್ತೈತೆ. ಎಲ್ಲಿ ಓದಿದ್ರೋ ಅಲ್ಲೇ ಬಂದ್ ಹೇಳ್ರಿ. ನನ್ ಹತ್ರ ಹೇಳಿದ್ರೆ ಏನ್ ಬಂತು? ನನಗೆ ಗೊತ್ತಿಲ್ದೇ ಇರೋದಾ?"

ಶುಕ್ರವಾರ ಹೋದೆ. ಸಮುದಾಯ ಭವನದ ಜಮಖಾನದ ಮೇಲೆ ಇಪ್ಪತ್ತು ಹೆಂಗಸರು ಕೂತಿದ್ದರು. ನನಗೆ ಕುರ್ಚಿ ಹಾಕಿದರು. ಬೇಡವೆಂದು ಕೆಳಗೆ ಕೂತೆ, ಮಾತಾಡಲು ಎದ್ದು ನಿಂತೆ. ಎಷ್ಟೋ ಸಭೆಗಳಲ್ಲಿ ಪರದೆಯ ಮುಂದೆ ಅಡ್ಡಾಡುತ್ತ ಮಾತಾಡಿದವಳು ನಾನು. ಅವತ್ತು ನಿಂತಲ್ಲಿಂದ ಕದಲಲಿಲ್ಲ. ಹೇಳಿದೆ. ಧ್ವನಿ ಇವರದು, 'ನೂರ' ಎನ್ನಬೇಕೆಂದು ಕಲಿಸಿದ್ದು ಇವರು, ಕಾಗದದಲ್ಲಿ ಬರೆದದ್ದು ಸುಳ್ಳು, ಬರೆದವಳು ನಾನು.

ಆಮೇಲೆ ಕಾರ್ಯದರ್ಶಿ, ಆ ಕಾಗದ ಓದಿದ್ದವರು, ಕನ್ನಡಕ ತೆಗೆದು ನನ್ನನ್ನೇ ನೋಡುತ್ತ ಕೇಳಿದರು. "ಅವತ್ತು ಸುಳ್ಳು ಬರ್ದಿದ್ರಿ ಅಂತೀರಿ. ಇವತ್ತು ಹೇಳ್ತಿರೋದು ನಿಜ ಅಂತ ನಾವ್ ಹೆಂಗ್ ನಂಬೋದು?"

ಹಿಂದೆ ಕೂತಿದ್ದ ಒಬ್ಬರು, "ಹಂಗಾರೆ ಅವ್ಳೇ ಒಂದ್ಸಲ ಅಂದ್ ತೋರಿಸ್ಲಿ, ಗೊತ್ತಾಗ್ತೈತೆ" ಎಂದರು. ಎಲ್ಲರೂ ಗಿರಣಿಯವರ ಕಡೆ ತಿರುಗಿದರು.

"ನಾನ್ಯಾಕ್ ಅನ್ಲಿ?" ಎಂದರು ಅವರು. "ಸುಳ್ ಹೇಳ್ದೋರು ಅವ್ರು. ಪರೀಕ್ಷೆ ನನಗಾ?"

ಕಾರ್ಯದರ್ಶಿ ಸಂಘದ ನಡಾವಳಿ ಪುಸ್ತಕ ನನ್ನ ಮುಂದಿಟ್ಟು, ಹೇಳಿದ್ದನ್ನೆಲ್ಲ ಅದರಲ್ಲಿ ಬರೆಯಿರಿ ಎಂದರು. ಬರೆದೆ. ಈ ಸಲ ಏನನ್ನೂ ತಿದ್ದಲಿಲ್ಲ. ಸಹಿ ಹಾಕಿ ಏಳುವಾಗ ಒಬ್ಬರು, ಡಬ್ಬಿಯ ತಿಂಗಳ ಬಾಡಿಗೆ ಕಡಿಮೆ ಮಾಡಿಸಲು ಆಗುತ್ತದೆಯೇ ಎಂದು ಕೇಳಿದರು. ಗಿರಣಿಯವರು ಅಷ್ಟು ಹೊತ್ತಿಗೆ ಹೊರಟುಹೋಗಿದ್ದರು. ಕರೆಂಟು ಬಂದಿತ್ತು.

ಕಂಪನಿಗೂ ಬರೆದೆ, ಎಲ್ಲವನ್ನೂ. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಗುಟ್ಟಾಗಿ ಎರಡು ಕೆಲಸ ಮಾಡಿದರು. ಗಿರಣಿಯವರಿಗೆ ಒಂದು ಮೊತ್ತ ಕೊಟ್ಟು ಸಹಿ ಹಾಕಿಸಿಕೊಂಡರು. ಮತ್ತೆ, ಮುಂದೆ ತೊಂದರೆ ಬೇಡವೆಂದು, ಎಲ್ಲ ಡಬ್ಬಿಗಳಿಂದಲೂ ಅವರ ಧ್ವನಿ ತೆಗೆದು ನಿಜವಾಗಿಯೂ ಕಂಪ್ಯೂಟರ್ ಮಾಡಿದ ಧ್ವನಿ ಹಾಕಲು ತೀರ್ಮಾನಿಸಿದರು. ನಾನು ಬೇಡವೆಂದು ವಾದಿಸಿದೆ. ವಾದಿಸುವ ಯೋಗ್ಯತೆ ನನಗೆ ಉಳಿದಿಲ್ಲ ಎನ್ನುವುದನ್ನು ಅವರು ಬಹಳ ಸಭ್ಯವಾಗಿ ತಿಳಿಸಿದರು. ಹೊಸ ಧ್ವನಿಯನ್ನು ಒಂದೇ ಬೆಳಗ್ಗೆ ಎಲ್ಲ ಅಂಗಡಿಗಳಿಗೂ ಕಳಿಸಿದ್ದು ನನ್ನದೇ ವಿಭಾಗ.

ಅದಕ್ಕೆ ಮುಂಚೆ ಗಿರಣಿಯವರಿಗೆ ಫೋನು ಮಾಡಿ ಹೇಳಿದೆ.

"ಹಂಗಾರೆ ಇನ್ಮೇಲೆ ಅದ್ರಾಗೆ ಯಾರ್ ಮಾತಾಡ್ತಾರೆ?"

"ಯಾರೂ ಅಲ್ಲ. ಕಂಪ್ಯೂಟರು."

ಹಿಂದೆ ಗಿರಣಿಯ ಸದ್ದು ಕೇಳುತ್ತಿತ್ತು.

"ಈಗ ನೀವ್ ಬರ್ದಿದ್ದು ನಿಜ ಆಯ್ತು ಬಿಡ್ರಿ," ಎಂದು ಫೋನಿಟ್ಟರು.

ಅವತ್ತೇ ರಾಜೀನಾಮೆ ಕೊಟ್ಟೆ ಎಂದು ಬರೆಯಲು ಆಸೆ. ಕೊಡಲಿಲ್ಲ. ನನ್ನ ಪಾಲಿನ ಷೇರುಗಳು ಕೈಗೆ ಬರಲು ಇನ್ನೂ ಹನ್ನೊಂದು ತಿಂಗಳಿತ್ತು. ಹನ್ನೊಂದು ತಿಂಗಳೂ ಕೆಲಸಕ್ಕೆ ಹೋದೆ, ಸಭೆಗಳಲ್ಲಿ ಕೂತೆ, ಎಲ್ಲ ಮುಗಿದ ಮೇಲೆ ಬಿಟ್ಟೆ. ಬೀಳ್ಕೊಡುಗೆಯ ದಿನ ಹೂವಿನ ಹಾರ ಹಾಕಿ, ಪೇಟ ತೊಡಿಸಿದರು.

ಹೋದ ವರ್ಷ ಹಿರಿಯೂರಿನ ಕಾಲೇಜೊಂದರಲ್ಲಿ ನನ್ನ ವೃತ್ತಿಜೀವನದ ಬಗ್ಗೆ ಮಾತಾಡಲು ಕರೆದಿದ್ದರು. ಪರಿಚಯ ಮಾಡಿಕೊಟ್ಟ ಅಧ್ಯಾಪಕರು, ಡಬ್ಬಿಗೆ ಕನ್ನಡ ಕಲಿಸಿದವರು ಇವರೇ ಎಂದರು. ನಾನು ಮೈಕಿನ ಮುಂದೆ ನಿಂತು, "ಅದು ನಾನಲ್ಲ, ಶ್ರೀರಾಂಪುರದಲ್ಲಿ ಗಿರಣಿ ನಡೆಸುವ ಒಬ್ಬರು. ನಾನು ಅವರಿಂದ ತೆಗೆದುಕೊಂಡು ನನ್ನದೆಂದೆ" ಎಂದು ಹೇಳಿದೆ. ಅಧ್ಯಾಪಕರು ಎದ್ದು ಬಂದು, ದೊಡ್ಡವರ ವಿನಯ ಇದು, ಜನಸಾಮಾನ್ಯರಿಂದ ಕಲಿತೆ ಎನ್ನುತ್ತಿದ್ದಾರೆ ಎಂದು ಮಕ್ಕಳಿಗೆ ವಿವರಿಸಿದರು. ಚಪ್ಪಾಳೆ ಬಿತ್ತು. ಇಲ್ಲ, ಹಾಗಲ್ಲ, ಎಂದು ಮತ್ತೆ ಶುರುಮಾಡಿದೆ. ಹೊತ್ತಾಗಿದೆ, ಊಟಕ್ಕೆ ಕಾಯುತ್ತಿದ್ದಾರೆ ಎಂದು ಚೀಟಿ ಬಂತು.

ಅದಾದ ಮೇಲೆ ಒಂದು ದಿನ ಹೊಸದುರ್ಗದ ಸಂತೆಯಲ್ಲಿ ಹತ್ತು ಸೇರು ರಾಗಿ ಕೊಂಡು ಶ್ರೀರಾಂಪುರಕ್ಕೆ ಹೋದೆ. ಗಿರಣಿಯಲ್ಲಿ ಆರೇಳು ಜನ ಇದ್ದರು. ನಾನೂ ಚೀಲ ಇಟ್ಟು ಸರದಿಯಲ್ಲಿ ನಿಂತೆ. ಯಾರೂ ನನ್ನನ್ನು ಮಾತಾಡಿಸಲಿಲ್ಲ. ಗಿರಣಿಯವರು ಒಬ್ಬೊಬ್ಬರಿಗೂ ಎಷ್ಟಾಯಿತು ಎಂದು ಬಾಯಲ್ಲೇ ಹೇಳುತ್ತಿದ್ದರು, ಸ್ಲೇಟು ಕಾಣಲಿಲ್ಲ. ನನ್ನ ಸರದಿ ಬಂತು. ಅವರು ಚೀಲ ಬಿಚ್ಚಿ, ಒಂದು ಹಿಡಿ ರಾಗಿ ತೆಗೆದು ಅಂಗೈಯಲ್ಲಿ ತಿಕ್ಕಿ, ಒಂದು ಕಾಳು ಹಲ್ಲಿಗೆ ಹಾಕಿ ಕಡಿದು ನೋಡಿದರು.

"ಇದು ಹಸಿ ಐತೆ. ಈಗ ಬೀಸಿದ್ರೆ ಕಲ್ಲಿಗೆ ಹತ್ಕಂತೈತೆ. ಎರಡ್ ದಿನ ಬಿಸ್ಲಿಗೆ ಹಾಕಿ ತಗಂಡ್ ಬರ್ರಿ," ಎಂದು ಚೀಲದ ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟರು.

ಹಿಂದಿನವರು ಮುಂದೆ ಬಂದರು. ನಾನು ಚೀಲ ಹೊತ್ತು ಕಾರಿನಲ್ಲಿಟ್ಟೆ. ಮನೆಗೆ ಬಂದು ತಾರಸಿಯ ಮೇಲೆ ಸೀರೆ ಹಾಸಿ ರಾಗಿ ಹರವಿದೆ.